ಚಿಕ್ಕಗೌರಮ್ಮನ ಮರದ ಚೀಟಿ

ಎಸ್ತರಮ್ಮ ಪ್ರಾರ್ಥನೆಗೆ ನಿಂತಳೆಂದರೆ, ಮನೆಯಲ್ಲಿ ಒಲೆಯ ಮೇಲೆ ಏನಾದರೂ ಇಟ್ಟು ಬಂದಿದ್ದ ಹೆಂಗಸರಿಗೆ ಎದೆ ಡವಡವ ಅನ್ನುತ್ತಿತ್ತು. ಅಷ್ಟುದ್ದದ ಪ್ರಾರ್ಥನೆ. ದೇಶ ಆಳುವವರು, ಗಡಿ ಕಾಯುವವರು, ಎಲ್ಲೋ ಸಮುದ್ರದಾಚೆ ಪ್ರವಾಹಕ್ಕೆ ಸಿಕ್ಕವರು, ಆಮೇಲೆ ಸಭೆಯ ಇಪ್ಪತ್ತೆರಡು ಮನೆಗಳ ಮಕ್ಕಳುಮರಿ, ಯಾರ ಮಂಡಿನೋವು, ಯಾರ ಸೊಸೆಯ ಬಸುರು, ಎಲ್ಲ ಹೆಸರು ಹಿಡಿದು, ಒಂದೂ ತಪ್ಪದೆ. ಕೈಯಲ್ಲಿ ಕಾಗದ ಇಲ್ಲ, ಮಾತಿನಲ್ಲಿ ತಡವರಿಕೆ ಇಲ್ಲ. ಮೂವತ್ತು ವರ್ಷ ಅಂಗನವಾಡಿ ಮಕ್ಕಳ ಗದ್ದಲದ ಮೇಲೆ ಮಾತಾಡಿ ಪಳಗಿದ ಗಂಟಲು. ದೇವರಿಗೆ ಕಿವಿ ಸ್ವಲ್ಪ ಮಂದ ಅಂದುಕೊಂಡವಳ ಹಾಗೆ ಕೂಗಿ ಹೇಳುತ್ತಿದ್ದಳು. ತಿಪಟೂರಿನ ಆ ಪುಟ್ಟ ಕ್ರೈಸ್ತ ಸಭೆಯಲ್ಲಿ ಯಾರಿಗೆ ಏನೇ ಕಷ್ಟ ಬರಲಿ, "ಟೀಚರಮ್ಮನ ಕೈಲಿ ಪ್ರಾರ್ಥನೆ ಮಾಡ್ಸಿ" ಅನ್ನುವುದು ರೂಢಿಯಾಗಿತ್ತು. ಎಸ್ತರಮ್ಮನಿಗೂ ಅದು ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇರುವುದೂ ಗೊತ್ತಿತ್ತು.

ಗಂಡ ಜೀವರತ್ನಯ್ಯ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸ ಮಾಡಿ ನಿವೃತ್ತನಾದವನು. ಅವನ ಪ್ರಾರ್ಥನೆ ಎರಡೇ ಮಾತು: "ಸ್ವಾಮಿ, ಈವತ್ತಿಂದು ಆಯ್ತು. ನಾಳೇದು ನಿನಗೇ ಗೊತ್ತು." ಸಂಜೆ ಏಳಕ್ಕೆ ಇಬ್ಬರೂ ಹಿತ್ತಿಲ ಕಡೆಯ ಕೋಣೆಯಲ್ಲಿ ಪ್ರಾರ್ಥನೆಗೆ ಕೂರುತ್ತಿದ್ದರು. ಅವಳದು ಮುಗಿಯುವ ಹೊತ್ತಿಗೆ ಅವನದೊಂದು ಸಣ್ಣ ನಿದ್ದೆ ಆಗಿರುತ್ತಿತ್ತು.

ಆ ಹಿತ್ತಿಲ ಕೋಣೆಯಿಂದಲೇ ಎಲ್ಲ ರಗಳೆ ಶುರುವಾದದ್ದು. ಪಕ್ಕದ ಮನೆಯ ಚಿಕ್ಕಗೌರಮ್ಮನ ತೆಂಗಿನ ಮರ ಕಾಂಪೌಂಡಿನಾಚೆ ಹುಟ್ಟಿ, ಅದೇನು ಕಂಡು ಆಸೆಪಟ್ಟಿತೋ, ಈಚೆಗೆ ವಾಲಿಕೊಂಡು ಆ ಕೋಣೆಯ ಶೀಟಿನ ಮೇಲೇ ತಲೆ ಇಟ್ಟಿತ್ತು. ಶಿವರಾತ್ರಿ ಕಳೆದ ವಾರದಲ್ಲಿ ಒಂದು ದಿನ ಮಟಮಟ ಮಧ್ಯಾಹ್ನ ಬಲಿತ ಕಾಯೊಂದು ಬಿದ್ದು, ಶೀಟು ಒಡೆದುಕೊಂಡು ಒಳಗೆ ಬಂದು, ಗೋಡೆಯ ಮೂಲೆಯಲ್ಲಿ ಉರುಳಿ ನಿಂತಿತು. ಎಸ್ತರಮ್ಮ ಆ ಮೂಲೆಯನ್ನು ನೋಡಿದವಳು ಹಾಗೇ ಕುಸಿದು ಕೂತಳು. ಹಾಸನದಲ್ಲಿದ್ದ ಮಗಳು ಸ್ನೇಹಲತಾಳಿಗೆ ಆಗ ಏಳು ತಿಂಗಳು. ಬಾಣಂತನಕ್ಕೆ ಇಲ್ಲಿಗೇ ಬರುವವಳು. ಮುಂದಿನ ಕೋಣೆಗೆ ರಸ್ತೆಯ ಧೂಳು, ಲಾರಿಗಳ ಸದ್ದು. ಮಗುವಿನ ತೊಟ್ಟಿಲು ಕಟ್ಟುವುದು ಅದೇ ಹಿತ್ತಿಲ ಕೋಣೆಯ ಅದೇ ಮೂಲೆಯಲ್ಲಿ ಎಂದು ಹುಕ್ಕು ಕೂಡ ಹೊಡೆಸಿ ಆಗಿತ್ತು.

ಹೆದರಿದವರಿಗೆ ಸಿಟ್ಟು ಬೇಗ ಬರುತ್ತದೆ. ಎಸ್ತರಮ್ಮ ಆ ಕಾಯನ್ನು ಕೈಯಲ್ಲಿ ಹಿಡಿದುಕೊಂಡೇ ಕಾಂಪೌಂಡಿನ ಹತ್ತಿರ ಹೋದಳು. "ಈ ಮರ ತೆಗೆಸ್ಬಿಡ್ರೀ" ಎಂದಳು. ನಮಸ್ಕಾರ ಇಲ್ಲ, ಕ್ಷೇಮ ಇಲ್ಲ.

"ಶೀಟು ಹೋಯ್ತಾ? ಹೊಸಾದು ಹಾಕ್ಸಿಕೊಡ್ತೀನಿ ಬುಡಿ" ಎಂದಳು ಚಿಕ್ಕಗೌರಮ್ಮ.

"ಶೀಟಿನ ಮಾತಲ್ಲ. ನಿಮ್ಮ ಮರ ನಮ್ಮ ಜಾಗದ ಮೇಲಿದೆ. ಕಾನೂನು ಅಂತ ಒಂದಿದೆ."

"ಫಲ ಕೊಡೋ ಮರ ಕಡಿ ಅನ್ನಕ್ಕೆ ಬಾಯಾದ್ರೂ ಹೆಂಗೆ ಬತ್ತದ್ರೀ ನಿಮಗೆ?"

ಅಲ್ಲಿಗೆ ಮಾತು ನಿಂತಿತು. ಎಸ್ತರಮ್ಮ ನಗರಸಭೆಗೆ ಅರ್ಜಿ ಕೊಟ್ಟಳು. ಇಂಜಿನಿಯರು ಬಂದು ಕತ್ತೆತ್ತಿ ನೋಡಿ, ಅಪಾಯ ಇರುವುದು ನಿಜ ಎಂದು ಬರೆದುಕೊಂಡು ಹೋದರು. ಮುಂದಿನ ಗುರುವಾರ ಮರ ಕಡಿಯುವವರು ಬರುತ್ತಾರೆ ಎಂದು ಎರಡೂ ಮನೆಗೆ ಕಾಗದ ಬಂತು. ಅಷ್ಟೂ ದಿನ ಎಸ್ತರಮ್ಮ ಸಂಜೆಯ ಪ್ರಾರ್ಥನೆಯಲ್ಲಿ, ಪ್ರವಾಹದವರಾದ ಮೇಲೆ, "ಸ್ವಾಮಿ, ಆ ಮರದಿಂದ ನಮ್ಮನ್ನು ಬಿಡಿಸು" ಎಂದು ಸೇರಿಸುತ್ತಿದ್ದಳು. ಕಾಗದ ಬಂದ ದಿನ ಸ್ತೋತ್ರ ಹೇಳಿದಳು.

ಮಾರನೆಯ ದಿನ ಶುಕ್ರವಾರ. ಈಸ್ಟರಿಗೆ ಮುಂಚಿನ ಲೆಂಟ್ ದಿನಗಳಲ್ಲಿ ಪ್ರತಿ ಶುಕ್ರವಾರ ಸಭೆಯ ಹೆಂಗಸರು ಮೂರು ಗಂಟೆಯ ತನಕ ಉಪವಾಸವಿದ್ದು ಪ್ರಾರ್ಥನೆಗೆ ಕೂಡುತ್ತಾರೆ. ದೇವಾಲಯದ ಗೇಟಿಗೆ ಒಂದು ತಗಡಿನ ಡಬ್ಬಿ ನೇತುಹಾಕಿದೆ. ಯಾರು ಬೇಕಾದರೂ, ಯಾವ ದೇವರಿಗೆ ಕೈಮುಗಿಯುವವರಾದರೂ, ತಮ್ಮ ಕೋರಿಕೆ ಬರೆದು ಅದರಲ್ಲಿ ಹಾಕಬಹುದು. ಹೆಸರು ಬೇಕಿಲ್ಲ. ಶುಕ್ರವಾರ ಆ ಚೀಟಿಗಳನ್ನು ಒಂದು ಮೊರಕ್ಕೆ ಸುರಿಯುತ್ತಾರೆ. ಒಬ್ಬೊಬ್ಬರೂ ಕಣ್ಣು ಮುಚ್ಚಿ ಒಂದು ತೆಗೆಯಬೇಕು, ಯಾರಿಗೂ ತೋರಿಸಬಾರದು, ಏಳು ದಿನ ಅದು ತನ್ನದೇ ಕಷ್ಟ ಅನ್ನುವ ಹಾಗೆ ಪ್ರಾರ್ಥಿಸಬೇಕು. ಬದಲಾಯಿಸುವಂತಿಲ್ಲ. ಹಿಂದೆ ಬದಲಾಯಿಸಲು ಬಿಟ್ಟಿದ್ದಾಗ ಎಲ್ಲರಿಗೂ ಜ್ವರದ ಚೀಟಿ, ಪರೀಕ್ಷೆಯ ಚೀಟಿಯೇ ಬೇಕಾಗಿ, ಕುಡುಕ ಗಂಡಂದಿರನ್ನು ಕೇಳುವವರೇ ಇಲ್ಲದಂತಾಗಿತ್ತು. ಈ ನಿಯಮಗಳನ್ನು ಮಾಡಿದ್ದು ಬೇರೆ ಯಾರೂ ಅಲ್ಲ, ಎಸ್ತರಮ್ಮನೇ.

ಅವತ್ತು ಅವಳ ಕೈಗೆ ಬಂದದ್ದು ಕ್ಯಾಲೆಂಡರಿನ ಹಾಳೆಯ ಚೂರು. ಬಿಡಿಸಿ ನೋಡಿದಳು. "ನಗರಸಬೆಯವರು ನನ್ನ ತೆಂಗಿನ ಮರ ಕಡೀದಂಗೆ ನೋಡ್ಕಳಪ್ಪ ಸ್ವಾಮಿ. ಅದು ಬುಟ್ರೆ ನಂಗೆ ಯಾರೂ ಇಲ್ಲ."

ಎಸ್ತರಮ್ಮನ ಮುಖ ಕೆಂಪೇರಿತು. ಎಂಥ ಕೆಲಸ ಮಾಡಿದಳು ಈ ಮಾರಾಯ್ತಿ! ತನ್ನ ಮೇಲೆ ತನ್ನ ದೇವರ ಹತ್ತಿರವೇ ದೂರು! ಪಕ್ಕದಲ್ಲಿ ಕೂತಿದ್ದ, ಸಭೆಯ ಪಾದ್ರಿ ಅಯ್ಯನವರ ಹೆಂಡತಿಯ ಕಿವಿಯಲ್ಲಿ, "ಅಮ್ಮಾ, ನನ್ನ ಚೀಟಿ ಒಂಚೂರು ಬದಲಾಯಿಸಬಹುದಾ?" ಎಂದಳು. ಆಕೆ ನಗುತ್ತಾ, "ಟೀಚರಮ್ಮ, ನೀವೇ ಹೀಗಂದ್ರೆ!" ಎಂದರು. ಎಸ್ತರಮ್ಮ ಚೀಟಿಯನ್ನು ಬೈಬಲ್ಲಿನೊಳಗೆ ತುರುಕಿದಳು.

ಬೇರೆ ಯಾರಾದರೂ ಆಗಿದ್ದರೆ ಚೀಟಿ ಹರಿದು ಒಲೆಗೆ ಹಾಕುತ್ತಿದ್ದರು. ಎಸ್ತರಮ್ಮ ಅಂಥವಳಲ್ಲ. ಒಪ್ಪಿಕೊಂಡ ಮೇಲೆ ಪ್ರಾರ್ಥಿಸಲೇಬೇಕು. ಆದರೆ ಪ್ರಾರ್ಥನೆಯಲ್ಲಿ ಪಳಗಿದವರಿಗೆ ಅದರ ಓಣಿ ಸಂದಿಗಳೂ ಗೊತ್ತಿರುತ್ತವೆ. ಶುಕ್ರವಾರ ಸಂಜೆ ಅವಳು ಎಂದಿನಂತೆ ಲೋಕವನ್ನೆಲ್ಲ ಸುತ್ತಿ ಬಂದು, ಕೊನೆಗೆ ಗಂಟಲು ಸರಿಮಾಡಿಕೊಂಡು, "ಆ ಚೀಟಿಯ ವಿಷಯದಲ್ಲಿ, ಸ್ವಾಮಿ, ನಿನ್ನ ಚಿತ್ತವಾಗಲಿ" ಎಂದು ಮುಗಿಸಿಬಿಟ್ಟಳು. ಶನಿವಾರವೂ ಅಷ್ಟೇ. ಭಾನುವಾರವೂ ಅಷ್ಟೇ. ದೇವರ ಚಿತ್ತ ಹೇಗೂ ನಗರಸಭೆಯ ಕಾಗದದಲ್ಲಿ ಬಂದಾಗಿದೆಯಲ್ಲ ಎಂದು ಒಳಗೊಳಗೇ ಧೈರ್ಯ.

ಸೋಮವಾರ ಸಂಜೆ ಅವಳು ಆಮೆನ್ ಅಂದು ಕಣ್ಣು ಬಿಟ್ಟಾಗ ಜೀವರತ್ನಯ್ಯ ಎಚ್ಚರವಾಗೇ ಇದ್ದ. ಅದೇ ಒಂದು ಅಪರೂಪ.

"ಎಸ್ತರ್, ಅದೇನು ಚೀಟಿ ಬಂದಾಗ ಮಾತ್ರ ನಿನ್ನ ಗಾಡಿ ನಿಲ್ಲದೇ ಹೋಗಿಬಿಡ್ತದೆ?" ಎಂದ.

"ನಿನ್ನ ಚಿತ್ತವಾಗಲಿ ಅನ್ನೋದು ತಪ್ಪೇನ್ರೀ? ಕರ್ತನೇ ಕಲಿಸಿದ ಮಾತು."

"ತಪ್ಪು ಅಂತ ನಾನೆಲ್ಲಂದೆ? ನಮ್ಮ ಸ್ನೇಹಂಗೆ ಟೈಫಾಯ್ಡ್ ಬಂದಿತ್ತಲ್ಲ, ಅವಾಗ ನೀನು ನಿನ್ನ ಚಿತ್ತ ಅಂದು ಎದ್ದುಹೋದ್ಯಾ? ನೆಲಕ್ಕೆ ಹಣೆ ಬಡ್ಕೊಂಡು, ಕೊಡು ಕೊಡು ಅಂತ ಜಗಳ ಆಡ್ದೆ. ಇದು ಯಾರ ಚೀಟಿಯೋ ನನಗೆ ಬೇಡ. ಆದ್ರೆ ನೀನು ಆ ಚೀಟಿಯವರಿಗೋಸ್ಕರ ಕೇಳ್ತಿಲ್ಲ ಕಣೇ. ಜಾರ್ಕೊತಿದೀಯ."

ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ಅವನು ಪ್ರಾರ್ಥನೆಯ ಬಗ್ಗೆ ಇಷ್ಟು ಮಾತಾಡಿದ್ದೇ ಇಲ್ಲ. ಎಸ್ತರಮ್ಮನಿಗೆ ಉರಿದುಹೋಯಿತು. "ನಿದ್ದೆ ಹೊಡೆಯೋರು ನನಗೆ ಪ್ರಾರ್ಥನೆ ಹೇಳಿಕೊಡ್ತಾರೆ" ಎಂದು ಗೊಣಗಿಕೊಂಡು ಒಳಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಆದರೆ ಮಾತು ನಾಟಿತ್ತು.

ಮಂಗಳವಾರ ಗಂಡ ಪೇಟೆಗೆ ಹೋದ ಮೇಲೆ, ಹಗಲು ಹನ್ನೊಂದರ ಹೊತ್ತಿಗೆ, ಅವಳು ಹಿತ್ತಿಲ ಕೋಣೆಯ ಬಾಗಿಲು ಹಾಕಿಕೊಂಡು ಮೊಣಕಾಲೂರಿದಳು. ಚೀಟಿಯನ್ನು ಮುಂದಿಟ್ಟುಕೊಂಡಳು. "ಕೃಪೆಯುಳ್ಳ ತಂದೆಯೇ" ಎಂದಳು. ಮುಂದಕ್ಕೆ ಮಾತಿಲ್ಲ. ಮತ್ತೆ "ಕೃಪೆಯುಳ್ಳ ತಂದೆಯೇ" ಎಂದಳು. ನೀರು ಬಿಡುವ ದಿನವಲ್ಲದ ದಿನದ ನಲ್ಲಿಯ ಹಾಗೆ ಬರೀ ಗಾಳಿ. ಸಭೆಯ ಕಣ್ಣಿಗೆ ಬೀಳದೆ, ಯಾರ ಕಿವಿಗೂ ಬೀಳದೆ, ತನಗೆ ಬೇಡವಾದದ್ದನ್ನು ಕೇಳಲು ಅವಳು ಯಾವತ್ತೂ ಕೂತವಳಲ್ಲ. ಎಷ್ಟೋ ಹೊತ್ತಿನ ಮೇಲೆ ಬಾಯಿಂದ ಬಂದದ್ದು ಅವಳ ಪ್ರಾರ್ಥನೆಯ ಭಾಷೆಯೇ ಅಲ್ಲ.

"ನನಗೆ ಆ ಮರ ಕಂಡ್ರೆ ಆಗಲ್ಲಪ್ಪ. ಅವಳನ್ನ ಕಂಡ್ರೂ ಆಗಲ್ಲ. ಅವಳು ಕೇಳಿದ್ದು ಕೊಡಬೇಡ ಅಂತ್ಲೇ ನನ್ನಾಸೆ. ನಾಲ್ಕು ದಿನದಿಂದ ನಿನಗೆ ಸುಳ್ಳು ಹೇಳ್ತಾ ಇದೀನಿ. ಇನ್ನು ಹೆಂಗೆ ಕೇಳಲಿ, ನೀನೇ ಹೇಳು."

ಅಷ್ಟು ಹೇಳಿದ ಮೇಲೆ ಎದೆ ಸ್ವಲ್ಪ ಹಗುರಾಯಿತು. ಚೀಟಿಯನ್ನು ಇನ್ನೊಮ್ಮೆ ಎತ್ತಿಕೊಂಡಳು. ಇಷ್ಟು ದಿನ ಮರದ ಸಾಲಿನಲ್ಲೇ ಕಣ್ಣು ಸಿಕ್ಕಿಹಾಕಿಕೊಂಡಿತ್ತು. ಈಗ ಎರಡನೆಯ ಸಾಲು ಓದಿದಳು. ಅದು ಬುಟ್ರೆ ನಂಗೆ ಯಾರೂ ಇಲ್ಲ. ಚಿಕ್ಕಗೌರಮ್ಮ ವಿಧವೆ. ಒಬ್ಬನೇ ಮಗ ರಂಗನಾಥ, ಆರು ವರ್ಷದ ಹಿಂದೆ ಡೆಂಗೆ ಬಂದು ತುಮಕೂರಿನ ಆಸ್ಪತ್ರೆಯಲ್ಲಿ ಹೋಗಿಬಿಟ್ಟಿದ್ದ. ಹತ್ತೊಂಬತ್ತು ವರ್ಷದ ಹುಡುಗ. ಎಸ್ತರಮ್ಮ ಮಣ್ಣಿಗೂ ಹೋಗಿ ಬಂದಿದ್ದಳು. ಆಮೇಲೆ ಆ ಮನೆಯೊಳಗೆ ಕಾಲಿಟ್ಟಿರಲಿಲ್ಲ. ಯಾಕೆ ಇಟ್ಟಿರಲಿಲ್ಲ? ಕಾರಣ ಹುಡುಕಿದಳು. ಸಿಗಲಿಲ್ಲ. ಪುರುಸೊತ್ತಾಗಿರಲಿಲ್ಲ, ಅಷ್ಟೇ.

"ಅವಳ ಮರ ಉಳಿಸಪ್ಪ" ಎಂದಳು. ಅಂದ ಕೂಡಲೆ ಗೋಡೆಯ ಹುಕ್ಕು ಕಣ್ಣಿಗೆ ಬಿತ್ತು. ಇನ್ನೂ ಹುಟ್ಟದ ಮೊಮ್ಮಗುವನ್ನು ತಾನೇ ಕೈಯಾರೆ ಆ ಮರದ ಕೆಳಗೆ ಮಲಗಿಸಿದ ಹಾಗಾಯಿತು. ಅವಳು ಗಟ್ಟಿಯಾಗಿ ಅತ್ತಳು. ಅಳುತ್ತಲೇ ಇನ್ನೊಮ್ಮೆ ಕೇಳಿದಳು. ಮೂರನೆಯ ಸಲ ಕೇಳಿದಾಗ ಅದು ನಿಜವಾದ ಕೋರಿಕೆಯೇ ಆಗಿತ್ತು.

ಎದ್ದು ಮುಖ ತೊಳೆಯುವಾಗ ಇನ್ನೊಂದು ತೊಡಕು ಹೊಳೆಯಿತು. ಮರ ಉಳಿಸು ಎಂದು ದೇವರನ್ನು ಕೇಳಿ, ಮರ ಕಡಿಯಿರಿ ಎನ್ನುವ ಅರ್ಜಿಯನ್ನು ನಗರಸಭೆಯಲ್ಲಿ ಇಟ್ಟರೆ, ದೇವರನ್ನು ಏನೆಂದುಕೊಂಡ ಹಾಗಾಯಿತು?

ಬುಧವಾರ ಬೆಳಗ್ಗೆ ಹತ್ತೂವರೆಗೇ ಅವಳು ಕಚೇರಿಯಲ್ಲಿದ್ದಳು. ಗುಮಾಸ್ತ ಸದಾಶಿವಯ್ಯ ಕನ್ನಡಕ ಮೇಲೆತ್ತಿ, "ಕಡೀರಿ ಅಂತ ವಾರಕ್ಕೆರಡು ಸಲ ಬಂದೋರೂ ನೀವೇ, ಬೇಡ ಅನ್ನೋರೂ ನೀವೇ. ರಾಜಿ ಆಯ್ತೇನಮ್ಮ?" ಎಂದರು.

"ಇನ್ನೂ ಇಲ್ಲ ಸರ್."

"ಮತ್ತೆ?"

"ನೀವು ಬರ್ಕೊಳ್ಳಿ ಸರ್."

ಬರೆದುಕೊಟ್ಟು, ಸಹಿ ಹಾಕಿ ಹೊರಗೆ ಬಂದಾಗ ಎಸ್ತರಮ್ಮನ ನಡಿಗೆಯೇ ಬದಲಾಗಿತ್ತು. ನಿಜ ಹೇಳಬೇಕೆಂದರೆ, ಬಸ್ ಸ್ಟ್ಯಾಂಡ್ ದಾಟುವ ಹೊತ್ತಿಗೆ ಅವಳು ತನ್ನ ತ್ಯಾಗವನ್ನು ತಾನೇ ಸಾಕಷ್ಟು ಮೆಚ್ಚಿಕೊಂಡಾಗಿತ್ತು. ಶುಕ್ರವಾರ ಸಭೆಯಲ್ಲಿ ಎದ್ದು ನಿಂತು, ದೇವರು ತನ್ನಿಂದ ಇದನ್ನು ಮಾಡಿಸಿದನೆಂದು ಸಾಕ್ಷಿ ಹೇಗೆ ಹೇಳುವುದು, ಎಲ್ಲಿ ದನಿ ಇಳಿಸುವುದು, ಅದೂ ತಯಾರಾಗುತ್ತಿತ್ತು. ಚಿಕ್ಕಗೌರಮ್ಮ ಕೈ ಹಿಡಿದು ಕಣ್ಣೀರು ಹಾಕುವುದೊಂದು ಬಾಕಿ.

ಚಿಕ್ಕಗೌರಮ್ಮ ಅಂಗಳದಲ್ಲಿ ಕೂತು, ಅಟ್ಟದಿಂದ ಇಳಿಸಿದ ಹೋದ ವರ್ಷದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. ಒಳಗೆ ಲೊಟಲೊಟ ಎಂದರೆ ಕೊಬ್ಬರಿಯಾಗಿದೆ. ಇಲ್ಲದಿದ್ದರೆ ಮತ್ತೆ ಅಟ್ಟಕ್ಕೆ. ಎಸ್ತರಮ್ಮನನ್ನು ಕಂಡು ಅವಳ ಕೈ ನಿಂತಿತು.

"ಅರ್ಜಿ ವಾಪಸ್ ತಗೊಂಡೆ. ನಾಳೆ ಯಾರೂ ಬರಲ್ಲ" ಎಂದಳು ಎಸ್ತರಮ್ಮ.

"ಯಾಕೆ?"

ಈ ಪ್ರಶ್ನೆಗೆ ಅವಳು ತಯಾರಾಗಿರಲಿಲ್ಲ. "ಸುಮ್ನೆ."

"ಸುಮ್ ಸುಮ್ನೆ ಯಾರೂ ಅರ್ಜಿ ಬುಡಲ್ಲ ಟೀಚರಮ್ಮ."

ಚೀಟಿಯ ವಿಷಯ ಹೇಳಬಾರದು. ನಿಯಮ ಮಾಡಿದವಳೇ ತಾನು. ಆದರೆ ಆ ಹೆಂಗಸು ನೋಡುತ್ತಿದ್ದ ರೀತಿಗೆ ಸುಳ್ಳು ಹೇಳಲು ನಾಲಗೆ ಏಳಲಿಲ್ಲ. "ನೀವು ಡಬ್ಬಿಗೆ ಹಾಕಿದ ಚೀಟಿ ನನಗೇ ಬಂತು ಕಣ್ರೀ."

"ಅಯ್ಯೋ ಶಿವನೇ!" ಎಂದು ಚಿಕ್ಕಗೌರಮ್ಮ ಬಾಯಿಗೆ ಸೆರಗು ಹಿಡಿದಳು. ಆಮೇಲೆ ಮೆಲ್ಲಗೆ, "ಅಲ್ಲ, ಕಾಯಿ ಬಿದ್ರೆ ಶೀಟು ಒಡೀತದೆ, ಒಪ್ಕೋತೀನಿ. ಅದಕ್ಕೆ ಮರಾನೇ ಕಡೀಬೇಕಾ ಅಂತ ನಂಗೆ ಅರ್ಥವೇ ಆಗ್ಲಿಲ್ಲ" ಎಂದಳು.

"ಆ ಕೋಣೇಲಿ ನಮ್ಮ ಸ್ನೇಹಲತಾ ಬಾಣಂತನ. ಕಾಯಿ ಬಿದ್ದ ಜಾಗದಲ್ಲೇ ಮಗೂಗೆ ತೊಟ್ಟಿಲು ಕಟ್ಟಬೇಕು ಅಂತಿದ್ದೆ."

ಚಿಕ್ಕಗೌರಮ್ಮನ ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು. "ಏನಂದ್ರಿ? ಮಗೂನಾ? ಒಂದು ತಿಂಗಳಿಂದ ಕಾನೂನು ಕಾನೂನು ಅಂತ ಬಡ್ಕೊಂಡ್ರಲ್ಲ, ಮಗು ಅಂತ ಒಂದು ಮಾತು ಆಡಿದ್ರೇನ್ರೀ? ನಾನೇನು ರಾಕ್ಷಸೀನಾ?"

ಎಸ್ತರಮ್ಮ ನಿಜವಾಗಿಯೂ ಹೇಳಿರಲಿಲ್ಲ. ಮನಸ್ಸಿನಲ್ಲೇ ದೇವರಿಗೆ ಹೇಳಿದ್ದಳು, ಇಂಜಿನಿಯರಿಗೆ ಹೇಳಿದ್ದಳು. ಮರದ ಒಡತಿಗೆ ಹೇಳಿರಲಿಲ್ಲ.

ಚಿಕ್ಕಗೌರಮ್ಮ ಆಗಲೇ ಒಳಗೆ ಹೋಗಿ ಫೋನು ಹಚ್ಚಿದ್ದಳು. ಮುಕ್ಕಾಲು ಗಂಟೆಯಲ್ಲಿ ಮರ ಹತ್ತುವ ಸಣ್ಣತಿಮ್ಮಯ್ಯ ಕುಡುಗೋಲು, ಹಗ್ಗ ಸಮೇತ ಬಂದ. "ಎಲ್ಲಾ ಇಳ್ಸಪ್ಪ. ಕಾಯಿ, ಎಳನೀರು, ಹೀಚು, ಒಣಗಿದ ಗರಿ, ಒಂದೂ ಬುಡಬೇಡ" ಎಂದಳು ಚಿಕ್ಕಗೌರಮ್ಮ.

ಸಣ್ಣತಿಮ್ಮಯ್ಯ ಅವಳನ್ನೇ ನೋಡಿದ. ಕೊಬ್ಬರಿಗೆಂದು ಕಾಯಿ ಬಲಿಯಲು ಬಿಟ್ಟ ಮರದಿಂದ ಹೀಚು ಇಳಿಸುವುದನ್ನು ಆ ಸೀಮೆಯಲ್ಲಿ ಯಾರೂ ಮಾಡುವುದಿಲ್ಲ. "ಹೀಚು ಕಣವ್ವ. ನೀನು ಹೂವು ಉದುರಿದ್ರೂ ಬೇಜಾರು ಮಾಡ್ಕೊಳ್ಳೋಳು."

"ಎರಡು ತಿಂಗಳಿಗೊಂದ್ಸಲ ಬಂದು ಇಳ್ಸು. ಆ ಮಗು ಎದ್ದು ಓಡಾಡೋ ಗಂಟ ಈ ಮರದಾಗೆ ಏನೂ ಇರಬಾರದು."

ಅವನು ಹತ್ತಿದ. ಮೊದಲು ಬಲಿತವು ಬಿದ್ದವು, ದಪದಪ. ಆಮೇಲೆ ಎಳನೀರಿನ ಗೊನೆಗಳು ಹಗ್ಗದಲ್ಲಿ ಇಳಿದವು. ಕೊನೆಗೆ ಮುಷ್ಟಿಯಷ್ಟು ಗಾತ್ರದ ಹೀಚುಗಳು. ಇಬ್ಬರು ಹೆಂಗಸರೂ ಜಗಲಿಯ ಮೇಲೆ ಕೂತು ನೋಡುತ್ತಿದ್ದರು. ಒಂದೊಂದು ಹೀಚು ಬಿದ್ದಾಗಲೂ ಚಿಕ್ಕಗೌರಮ್ಮನ ತುಟಿ ಬಿಗಿಯುತ್ತಿತ್ತು. ಆದರೆ ಸಾಕು ಎಂದು ಅವಳು ಒಮ್ಮೆಯೂ ಅನ್ನಲಿಲ್ಲ. ಎಸ್ತರಮ್ಮನ ಸಾಕ್ಷಿ, ದನಿ ಇಳಿಸುವ ಜಾಗ, ಎಲ್ಲ ಎಲ್ಲೋ ಹೋಗಿತ್ತು. ತಾನು ಐದು ದಿನ ಒದ್ದಾಡಿ ಕೊಟ್ಟದ್ದಕ್ಕಿಂತ ದೊಡ್ಡದನ್ನು ಈ ಹೆಂಗಸು ಒಂದೇ ಉಸಿರಿನಲ್ಲಿ ಕೊಟ್ಟಿದ್ದಳು.

"ರಂಗನಾಥ ಹುಟ್ಟಿದ ವರ್ಷ ಇಟ್ಟ ಸಸಿ" ಎಂದಳು ಚಿಕ್ಕಗೌರಮ್ಮ, ಮರವನ್ನೇ ನೋಡುತ್ತಾ. "ಅವನ ಹೊಕ್ಕಳಬಳ್ಳಿ ಅದರ ಬುಡದಾಗೈತೆ."

ಎಸ್ತರಮ್ಮ ಅವಳ ಕಡೆಗೆ ತಿರುಗಿ, "ನಿಮಗೆ ನಿಮ್ಮ ದೇವರಿದ್ದಾರೆ. ನಮ್ಮ ಡಬ್ಬಿಗೆ ಯಾಕೆ ಹಾಕಿದ್ರಿ?" ಎಂದಳು. ಕುಹಕವಿಲ್ಲ. ತಿಳಿದುಕೊಳ್ಳಬೇಕಾಗಿತ್ತು.

"ದಿನಾ ಸಾಯಂಕಾಲ ನಿಮ್ಮ ಪ್ರಾರ್ಥನೆ ನಮ್ಮ ಕೊಟ್ಟಿಗೆ ಗಂಟ ಕೇಳಿಸ್ತದೆ. ಎಷ್ಟು ಜನದ ಹೆಸರು ಹೇಳ್ತೀರಾ ನೀವು! ನೋಡದೇ ಇರೋ ದೇಶದೋರ್ನೂ ಬುಡಲ್ಲ." ಚಿಕ್ಕಗೌರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಮ್ಮ ಹುಡುಗ ತುಮಕೂರಲ್ಲಿ ಮಲಗಿದ್ದಾಗ, ರಾತ್ರಿ ನೋಡ್ಕಳಕ್ಕೆ ನಮ್ಮಣ್ಣ ಇದ್ದ. ನಾನು ಹಸ ಕರೆಯಕ್ಕೆ ಸಾಯಂಕಾಲ ಬತ್ತಿದ್ದೆ. ಎಂಟು ದಿನ. ಏಳು ಗಂಟೆ ಆಗ್ತಿದ್ದಂಗೆ ಕರೆಯೋದು ಬುಟ್ಟು ಕಾಂಪೌಂಡಿನ ಹತ್ರ ಬಂದು ನಿಂತ್ಕೊಳ್ತಿದ್ದೆ. ಟೀಚರಮ್ಮ ಈವತ್ತಾದ್ರೂ ಅವನ ಹೆಸರು ಹೇಳ್ತಾರೇನೋ, ಅಂತ."

ಮರದ ಮೇಲಿಂದ ಸಣ್ಣತಿಮ್ಮಯ್ಯ ಏನೋ ಕೂಗಿದ. ಇನ್ನೆರಡು ಹೀಚು ಬಿದ್ದವು.

"ಹೇಳ್ಲಿಲ್ಲ ನೀವು" ಎಂದಳು ಚಿಕ್ಕಗೌರಮ್ಮ. ದೂರಿನ ದನಿಯಲ್ಲ. "ಬಾಯಿಬುಟ್ಟು ಕೇಳಕ್ಕೆ ನಂಗೂ ಧೈರ್ಯ ಬರ್ಲಿಲ್ಲ. ನಿಮ್ಮೋರಲ್ವಲ್ಲ ನಾವು. ಈಗ ಮರಕ್ಕಾದ್ರೂ ಕೇಳಾನ ಅಂತ ಬರೆದು ಹಾಕ್ದೆ."

ಎಸ್ತರಮ್ಮ ನೆನಪು ಮಾಡಿಕೊಳ್ಳಲು ನೋಡಿದಳು. ಆ ಎಂಟು ಸಂಜೆಗಳಲ್ಲಿ ತಾನು ಯಾರ್ಯಾರ ಹೆಸರು ಹೇಳಿದ್ದಳೋ, ಒಂದೂ ನೆನಪಿಗೆ ಬರಲಿಲ್ಲ. ಹುಡುಗನಿಗೆ ಹುಷಾರಿಲ್ಲವೆಂದು ಬೀದಿಗೆಲ್ಲ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಅವಳ ಅಂಗನವಾಡಿಯಲ್ಲೇ ಸ್ಲೇಟು ಹಿಡಿದು ಕೂತಿದ್ದ ಹುಡುಗ ಅವನು.

ಅವಳು ಚಿಕ್ಕಗೌರಮ್ಮನ ಎರಡು ಕೈಗಳನ್ನೂ ಹಿಡಿದುಕೊಂಡಳು. ಕ್ಷಮಿಸಿ ಅನ್ನಬೇಕೆಂದಿದ್ದಳು. ಬಾಯಿಂದ ಬಂದದ್ದು ಬೇರೆ. "ತಂದೆಯೇ" ಎಂದಳು, ಪಕ್ಕದವರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ, "ನಮ್ಮ ರಂಗನಾಥ..."

ಆರು ವರ್ಷ ತಡವಾಗಿ ಹೇಳಿದ ಹೆಸರಿನ ಮುಂದೆ ಏನು ಕೇಳಬೇಕೆಂದು ಅವಳಿಗೆ ತಿಳಿಯಲಿಲ್ಲ. ಕೇಳುವುದಕ್ಕೆ ಏನು ಉಳಿದಿತ್ತು? ಅವಳು ಬಿಕ್ಕುತ್ತಾ ತಲೆ ತಗ್ಗಿಸಿದಳು.

ಚಿಕ್ಕಗೌರಮ್ಮ ಅವಳ ಕೈಗಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು. "ಹೇಳಿ ಟೀಚರಮ್ಮ, ನಿಲ್ಲಿಸ್ಬೇಡಿ" ಎಂದಳು. "ಇನ್ನೊಂದ್ಸಲ ಹೇಳಿ ಅವನ ಹೆಸರ. ನಾನು ಕೇಳಿಸ್ಕೋತೀನಿ."